ಮೂತ್ರದ ಸಾಕ್ಷಿ

ಕ್ಷಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೆಮ್ಮು. ಹಳೆಯ ಸಿನಿಮಾಗಳಲ್ಲಿ ನಾಯಕಿ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾಳೆ, ಸೆರಗಿನ ಮೇಲೆ ರಕ್ತದ ಕಲೆ ಕಾಣುತ್ತದೆ, ಕಥೆ ಅಲ್ಲಿಗೆ ತಿರುಗುತ್ತದೆ. ಎದೆಯ ಕ್ಷಯಕ್ಕೆ ಹೀಗೆ ಕಥೆ ಕಾದಂಬರಿಗಳಲ್ಲಿ ಒಂದು ಸ್ಥಾನ ಸಿಕ್ಕಿದೆ. ದುಃಖದ ಜೊತೆಗೆ ಒಂದು ಬಗೆಯ ಗೌರವವೂ ಸಿಕ್ಕಿದೆ ಎನ್ನಬೇಕು. ಅದೇ ರೋಗಾಣು ಮೂತ್ರಜನಕಾಂಗಕ್ಕೋ ಗರ್ಭನಾಳಕ್ಕೋ ಹೋಗಿ ಕೂತರೆ ಅದರ ಕಥೆಯನ್ನು ಯಾರೂ ಬರೆಯುವುದಿಲ್ಲ. ಅನುಭವಿಸುವವಳೂ ಬಾಯಿ ಬಿಡುವುದಿಲ್ಲ. ಉಚ್ಚೆಯ ಮಾತನ್ನು ಯಾರ ಮುಂದೆ ಆಡುವುದು? ಗಂಡನಿಗೆ ಹೇಳಲು ಸಂಕೋಚ, ಅತ್ತೆಗೆ ಹೇಳಿದರೆ ‘ಉಷ್ಣ ಆಗಿದೆ, ಎಳನೀರು ಕುಡಿ’ ಎಂಬ ಉತ್ತರ. ಅಲ್ಲಿಗೆ ಮಾತು ಮುಗಿಯಿತು.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳು, ವೈದ್ಯಶಾಸ್ತ್ರ ಓದಿದವಳಲ್ಲ. ಆದರೆ ಚರಿತ್ರೆಯಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವ ಒಂದು ಮುಖ್ಯ ವಿಷಯವಿದೆ: ಒಂದು ಶಾಸನವೋ ಪತ್ರವೋ ಸಿಕ್ಕಿದ ಕೂಡಲೇ ಅದು ಹೇಳಿದ್ದನ್ನೆಲ್ಲ ನಂಬಬಾರದು. ಇದನ್ನು ಬರೆಸಿದವರು ಯಾರು, ಯಾವಾಗ ಬರೆಸಿದರು, ಬೇರೆ ಸಾಕ್ಷಿ ಇದಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು. ಮೂತ್ರಪರೀಕ್ಷೆಯೂ ಒಂದು ಸಾಕ್ಷಿಯೇ. ಕ್ಷಯದ ವಿಷಯದಲ್ಲಿ ಆ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗೆ 140 ವರ್ಷಗಳ ಚರಿತ್ರೆಯಿದೆ. ನಮ್ಮ ಮನೆಯಲ್ಲೇ ಅದು ಪ್ರಶ್ನೆಯಾಗಿ ಬಂದು ನಿಂತಾಗ ನಾನು ಅದನ್ನು ಓದತೊಡಗಿದೆ.

ಮೊದಲು ರೋಗದ ದಾರಿಯನ್ನು ತಿಳಿಯೋಣ. ಕ್ಷಯದ ರೋಗಾಣು ನಮ್ಮೊಳಗೆ ಬರುವುದು ಉಸಿರಿನ ಮೂಲಕವೇ. ಶ್ವಾಸಕೋಶದಲ್ಲಿ ಇಳಿದ ಮೇಲೆ ಕೆಲವು ರಕ್ತದಲ್ಲಿ ಸೇರಿ ದೇಹದ ಬೇರೆ ಮೂಲೆಗಳಿಗೆ ಹೋಗುತ್ತವೆ. ಮೂತ್ರಜನಕಾಂಗಕ್ಕೆ ರಕ್ತದ ಹರಿವು ಹೆಚ್ಚು, ಅಲ್ಲಿಗೂ ಹೋಗುತ್ತವೆ. ಮೆಡ್ಲರ್ ಎಂಬ ಅಮೆರಿಕದ ವೈದ್ಯರು 1926ರಲ್ಲಿ, ಎದೆಯ ಕ್ಷಯದಿಂದ ತೀರಿಕೊಂಡ 30 ಜನರ ಮೂತ್ರಜನಕಾಂಗಗಳನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬದುಕಿದ್ದಾಗ ಮೂತ್ರದ ತೊಂದರೆ ಹೇಳಿಕೊಳ್ಳದಿದ್ದವರು ಅವರು. ಆದರೂ ಪುಟ್ಟ ಪುಟ್ಟ ಕ್ಷಯದ ಗಂಟುಗಳು ಸಾಮಾನ್ಯವಾಗಿ ಎರಡೂ ಕಡೆ ಸಿಕ್ಕಿದವು. ಕೆಲವು ವಾಸಿಯಾಗಿದ್ದವು. ಅಂದರೆ ರೋಗಾಣು ಬಂದು ಸುಮ್ಮನೆ ಕೂತಿರಬಹುದು, ಹತ್ತಿಪ್ಪತ್ತು ವರ್ಷ ಮಲಗಿರಬಹುದು. ಮೈಯ ಬಲ ಕುಗ್ಗಿದಾಗ ಏಳಬಹುದು. ಎದ್ದ ಮೇಲೆ ಮೂತ್ರನಾಳದಗುಂಟ ಇಳಿದು ಮೂತ್ರಕೋಶವನ್ನು ಹಿಡಿಯುತ್ತದೆ. ಉರಿ, ಪದೇ ಪದೇ ಹೋಗಬೇಕೆನ್ನಿಸುವುದು, ಕೆಲವೊಮ್ಮೆ ರಕ್ತ. ಆಗ ಕೆಮ್ಮು ಇರಲೇಬೇಕೆಂದಿಲ್ಲ.

ಹೆಂಗಸರಲ್ಲಿ ಇದೇ ರಕ್ತದ ದಾರಿಯಿಂದ ಗರ್ಭನಾಳಕ್ಕೂ ರೋಗ ಹೋಗುತ್ತದೆ. ಇಟಲಿಯ ಮೊರ್ಗಾನಿ ಎಂಬ ಪಂಡಿತ ಕ್ಷಯದಿಂದ ಸತ್ತ ಇಪ್ಪತ್ತು ವರ್ಷದ ಒಬ್ಬ ಹೆಣ್ಣುಮಗಳ ಶವವನ್ನು 1744ರಲ್ಲಿ ಪರೀಕ್ಷಿಸಿ, ಗರ್ಭಕೋಶದಲ್ಲೂ ನಾಳಗಳಲ್ಲೂ ಗಿಣ್ಣಿನಂತಹ ಪದಾರ್ಥ ತುಂಬಿದ್ದನ್ನು ಬರೆದಿಟ್ಟ. ಹೆಂಗಸರ ಜನನಾಂಗದ ಕ್ಷಯದ ಮೊದಲ ದಾಖಲೆ ಎಂದು ಅದನ್ನೇ ಹೇಳುತ್ತಾರೆ. ಆ ಹುಡುಗಿಯ ಹೆಸರು ನಮಗೆ ಉಳಿದಿಲ್ಲ.

ಮೂತ್ರವನ್ನು ನೋಡಿ ರೋಗ ಹೇಳುವುದು ಹೊಸದೇನಲ್ಲ. ನಮ್ಮ ವೈದ್ಯರು ಮೂತ್ರದ ಮೇಲೆ ಎಳ್ಳೆಣ್ಣೆಯ ಹನಿ ಬಿಟ್ಟು ಅದು ಹರಡುವ ರೀತಿ ನೋಡುತ್ತಿದ್ದರು. ತೈಲಬಿಂದು ಪರೀಕ್ಷೆ ಎಂದು ಅದಕ್ಕೆ ಹೆಸರು. ಯೂರೋಪಿನ ವೈದ್ಯರು ಗಾಜಿನ ಬುರುಡೆಯಲ್ಲಿ ಮೂತ್ರ ತುಂಬಿ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಆದರೆ ಕ್ಷಯಕ್ಕೆ ಕಾರಣ ಯಾವುದೆಂದೇ ತಿಳಿಯದಿದ್ದಾಗ ಮೂತ್ರದಲ್ಲಿ ಏನನ್ನು ಹುಡುಕುವುದು?

ಆ ಕಾರಣ ಸಿಕ್ಕಿದ್ದು 1882ರ ಮಾರ್ಚ್ 24ರಂದು. ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಸಭೆಯ ಮುಂದಿಟ್ಟರು. ಅದಕ್ಕೆ ಮೇಣದಂಥ ಮೈಹೊದಿಕೆಯಿದ್ದುದರಿಂದ ಬಣ್ಣ ಹಿಡಿಸುವುದು ಕಷ್ಟವಾಗಿತ್ತು. ಸಭೆಯಲ್ಲಿದ್ದ ಪಾಲ್ ಎರ್ಲಿಕ್ ಮನೆಗೆ ಹೋದವರೇ ಹೊಸ ಬಣ್ಣಗಳನ್ನು ಪ್ರಯೋಗಿಸಿದರು. ಒಣಗಲೆಂದು ಗಾಜಿನ ತುಣುಕುಗಳನ್ನು ಆರಿದ ಕಬ್ಬಿಣದ ಒಲೆಯ ಮೇಲೆ ಇಟ್ಟು ಹೋಗಿದ್ದಾಗ ಯಾರೋ ತಿಳಿಯದೆ ಒಲೆ ಹಚ್ಚಿಬಿಟ್ಟರಂತೆ. ಆ ಬಿಸಿಗೆ ಬಣ್ಣ ಇನ್ನೂ ಚೆನ್ನಾಗಿ ಕೂತಿತು ಎಂದು ಕಥೆಯಿದೆ. ಜೀಲ್ ಮತ್ತು ನೀಲ್ಸನ್ ಎಂಬಿಬ್ಬರು ಇದನ್ನೇ ತಿದ್ದಿದರು. ಒಮ್ಮೆ ಬಣ್ಣ ಹಿಡಿದ ಮೇಲೆ ಆಸಿಡ್‌ನಲ್ಲಿ ತೊಳೆದರೂ ಈ ರೋಗಾಣು ಬಣ್ಣ ಬಿಡುವುದಿಲ್ಲ, ಉಳಿದವು ಬಿಡುತ್ತವೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಕ್ಷಯ. ಇಂದಿಗೂ ಕಫದ ಪರೀಕ್ಷೆಯಲ್ಲಿ ಈ ಪದ್ಧತಿಯಿದೆ.

ಇದನ್ನು ಕ್ಷಯದ ಮೊದಲ ಶೀಘ್ರ ಪರೀಕ್ಷೆ ಎನ್ನಬಹುದು. ಅದುವರೆಗೆ ಹೆಣ ಸೀಳಿದ ಮೇಲೆ ತಿಳಿಯುತ್ತಿದ್ದುದು ಈಗ ಒಂದೆರಡು ಗಂಟೆಯಲ್ಲಿ ತಿಳಿಯುವಂತಾಯಿತು. ಸಹಜವಾಗಿಯೇ ವೈದ್ಯರು ಮೂತ್ರವನ್ನೂ ಹೀಗೆ ನೋಡಿದರು, ಕೆಂಪು ಕಡ್ಡಿಗಳು ಅಲ್ಲೂ ಕಂಡವು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆ ಇಲ್ಲಿ ಕೆಂಪಿಗೆ ಅನ್ವಯವಾಯಿತು. 1884ರಲ್ಲಿ ವಿಯೆನ್ನಾದ ಲುಸ್ಟ್‌ಗಾರ್ಟನ್ ಮೇಹರೋಗದ ಹುಣ್ಣಿನಲ್ಲಿ ಇಂಥದ್ದೇ ಕಡ್ಡಿಗಳನ್ನು ಕಂಡು, ಆ ರೋಗದ ಕಾರಣವೇ ಸಿಕ್ಕಿತು ಎಂದುಕೊಂಡರು. ಮರುವರ್ಷ ಪ್ಯಾರಿಸ್‌ನಲ್ಲಿ ಆಲ್ವರೆಜ್ ಮತ್ತು ತಾವೆಲ್ ಎಂಬವರು, ಯಾವ ರೋಗವೂ ಇಲ್ಲದವರ ಗುಹ್ಯಾಂಗದ ಕೊಳೆಯಲ್ಲೂ ಅವು ಇವೆ ಎಂದು ತೋರಿಸಿಕೊಟ್ಟರು. ಇದು ಯಾರಿಗೂ ಕೇಡು ಮಾಡದೆ ಚರ್ಮದ ಮಡಿಕೆಗಳಲ್ಲಿ ಬದುಕುವ, ಕ್ಷಯಾಣುವಿನ ದೂರದ ನೆಂಟ. ಮೂತ್ರ ಹೊರಬರುವಾಗ ಇದನ್ನು ತೊಳೆದುಕೊಂಡೇ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಕೆಂಪು. ಹಾಗಾದರೆ ಮೂತ್ರದಲ್ಲಿ ಕಂಡ ಕಡ್ಡಿ ಕ್ಷಯದ್ದೋ, ಬರಿಯ ನೆಂಟನದೋ?

ಇದು ಪಾಂಡಿತ್ಯದ ಚರ್ಚೆಯಾಗಿ ಉಳಿಯುವಂತಿರಲಿಲ್ಲ. ಆ ಕಾಲದಲ್ಲಿ ಕ್ಷಯಕ್ಕೆ ಔಷಧವೇ ಇರಲಿಲ್ಲ. ಒಂದು ಮೂತ್ರಜನಕಾಂಗಕ್ಕೆ ಕ್ಷಯ ಎಂದು ತೀರ್ಮಾನವಾದರೆ ಅದನ್ನು ಕತ್ತರಿಸಿ ತೆಗೆಯುವುದೇ ದಾರಿ. ಪರೀಕ್ಷೆ ಸುಳ್ಳು ಹೇಳಿದರೆ ಒಳ್ಳೆಯ ಅಂಗವೇ ಹೋಗಬಹುದು. ಇರುವ ರೋಗವನ್ನು ಬಚ್ಚಿಟ್ಟರೆ ಜೀವವೇ ಹೋಗಬಹುದು. ಆದ್ದರಿಂದ ವೈದ್ಯರು ಹೆಂಗಸರಿಂದ ನಳಿಕೆ ಹಾಕಿ ಮೂತ್ರ ತೆಗೆಯತೊಡಗಿದರು, ಹೊರಗಿನ ಕೊಳೆ ಸೇರದಿರಲೆಂದು. ಮ್ಯಾಕ್ಸ್ ನಿಟ್ಜೆ 1870ರ ದಶಕದ ಕೊನೆಯಲ್ಲಿ ಮಾಡಿದ ದೀಪದ ನಳಿಕೆಯಿಂದ ಮೂತ್ರಕೋಶದ ಒಳಗನ್ನೇ ನೋಡಲು ಸಾಧ್ಯವಾಗಿತ್ತು. ಮುಂದೆ ಎಡದ ಮೂತ್ರ ಬಲದ ಮೂತ್ರ ಎಂದು ಬೇರೆ ಬೇರೆ ಹಿಡಿಯುವುದೂ ಸಾಧ್ಯವಾಯಿತು. ಯಾವ ಕಡೆ ರೋಗ, ಯಾವ ಕಡೆ ಇಲ್ಲ ಎಂದು ತಿಳಿಯದೆ ಕತ್ತಿ ಹಿಡಿಯುವಂತಿರಲಿಲ್ಲವಲ್ಲ.

ಕೊನೆಯ ತೀರ್ಪು ಕೊಡುತ್ತಿದ್ದುದು ಮಾತ್ರ ನಿಧಾನದ ಪರೀಕ್ಷೆಗಳು. ಒಂದು, ರೋಗಿಯ ಮೂತ್ರವನ್ನು ಗಿನಿಪಿಗ್‌ಗೆ ಚುಚ್ಚಿ ವಾರಗಟ್ಟಲೆ ಕಾದು, ಅದಕ್ಕೆ ಕ್ಷಯ ಬಂದಿತೇ ಎಂದು ನೋಡುವುದು. ಇನ್ನೊಂದು ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವುದು. ಲೋವೆನ್‌ಸ್ಟೈನ್ ಮತ್ತು ಯೆನ್‌ಸೆನ್ 1930ರ ಆಸುಪಾಸಿನಲ್ಲಿ ರೂಪಿಸಿದ ಹಸಿರು ಬಣ್ಣದ ಆಹಾರದ ಮೇಲೆ ಕ್ಷಯಾಣು ಬೆಳೆಯುತ್ತದೆ. ಅದರಲ್ಲಿ ಮೊಟ್ಟೆಯೂ ಇರುತ್ತದೆ. ಆದರೆ ನಮ್ಮ ದೋಸೆ ಹಿಟ್ಟು ಒಂದು ರಾತ್ರಿಯಲ್ಲಿ ಹುದುಗಿದ ಹಾಗಲ್ಲ. ಇದಕ್ಕೆ ಆರರಿಂದ ಎಂಟು ವಾರ ಬೇಕು. ಮೂತ್ರದಲ್ಲಿ ರೋಗಾಣು ದಿನವೂ ಬರುವುದಿಲ್ಲ, ಬಂದರೂ ಬಹಳ ಕಡಿಮೆ. ಅದಕ್ಕೇ ಕನಿಷ್ಠ ಮೂರು ದಿನ, ಬೆಳಗಿನ ಮೊದಲ ಮೂತ್ರವನ್ನು ಕೊಡಬೇಕು ಎಂಬ ರೂಢಿ ಬಂದಿತು. ರಾತ್ರಿಯೆಲ್ಲ ನಿಂತ ಮೂತ್ರ ಗಟ್ಟಿಯಾಗಿರುತ್ತದೆ, ಸಿಗುವ ಸಾಧ್ಯತೆ ಹೆಚ್ಚು.

ಎಂಟು ವಾರ ಕಾಯುವ ಸಂಕಟ ಯಾರಿಗೆ ಬೇಕು? ಹಾಗಾಗಿ ಶೀಘ್ರ ಮೂತ್ರಪರೀಕ್ಷೆಯ ಆಸೆ ಅಂದಿನಿಂದಲೂ ಇದೆ. ಎರ್ಲಿಕ್ 1882ರಲ್ಲೇ ಮೂತ್ರಕ್ಕೆ ರಾಸಾಯನಿಕ ಹಾಕಿ ಕೆಂಪಾಗುವುದನ್ನು ನೋಡುವ ಪರೀಕ್ಷೆಯೊಂದನ್ನು ಕಂಡುಹಿಡಿದಿದ್ದರು. ಟೈಫಾಯ್ಡ್‌ನಲ್ಲಿ ಕೆಂಪಾಗುತ್ತಿತ್ತು, ಬಲಿತ ಕ್ಷಯದಲ್ಲೂ ಕೆಂಪಾಗುತ್ತಿತ್ತು, ಬೇರೆ ಜ್ವರಗಳಲ್ಲೂ ಆಗುತ್ತಿತ್ತು. ಮೈ ಸೊರಗಿದೆ ಎಂದು ಅದು ಹೇಳಬಲ್ಲುದೇ ಹೊರತು ಯಾವ ರೋಗ ಎಂದಲ್ಲ. 1919ರಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ವಿಲ್ಡ್‌ಬೋಲ್ಜ್ ಎಂಬ ಹೆಸರಾಂತ ಮೂತ್ರರೋಗ ತಜ್ಞರು ಇನ್ನೊಂದು ಉಪಾಯ ಹೇಳಿದರು. ರೋಗಿಯ ಮೂತ್ರವನ್ನೇ ಇಂಗಿಸಿ ಗಟ್ಟಿಮಾಡಿ, ಅವರದೇ ತೋಳಿನ ಚರ್ಮಕ್ಕೆ ಚುಚ್ಚುವುದು. ಕ್ಷಯ ಚುರುಕಾಗಿದ್ದರೆ ಮೂತ್ರದಲ್ಲಿ ರೋಗಾಣುವಿನ ಅಂಶ ಹೋಗುತ್ತಿರುತ್ತದೆ, ಚರ್ಮ ಕೆಂಪಾಗಿ ಊದುತ್ತದೆ. ಕಲ್ಪನೆ ಜಾಣತನದ್ದೇ. ಆದರೆ ಗಟ್ಟಿಯಾದ ಮೂತ್ರದ ಉಪ್ಪುಗಳೇ ಚರ್ಮವನ್ನು ಉರಿಸಿ ಊದಿಸುತ್ತಿದ್ದವು. ಒಬ್ಬ ವೈದ್ಯರಿಗೆ ಸರಿಬಂದದ್ದು ಇನ್ನೊಬ್ಬರಿಗೆ ಬರಲಿಲ್ಲ. ಆ ಪರೀಕ್ಷೆ ಮೂಲೆ ಸೇರಿತು. ಮೂತ್ರ ಮತ್ತು ಜನನಾಂಗಗಳ ಕ್ಷಯಕ್ಕೆ ಒಟ್ಟಾಗಿ ಒಂದೇ ಹೆಸರಿಟ್ಟು 1937ರಲ್ಲಿ ಬಳಕೆಗೆ ತಂದವರೂ ಇದೇ ವಿಲ್ಡ್‌ಬೋಲ್ಜ್. ಹೆಸರು ಉಳಿಯಿತು, ಪರೀಕ್ಷೆ ಉಳಿಯಲಿಲ್ಲ.

ಹೀಗೆ ಪ್ರತಿ ಶೀಘ್ರ ಪರೀಕ್ಷೆಯನ್ನೂ ನಿಧಾನದ ಪರೀಕ್ಷೆಯ ಪಕ್ಕದಲ್ಲಿ ನಿಲ್ಲಿಸಿಯೇ ಅಳೆಯಬೇಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಹಾಗೆ.

ನಂತರ ಔಷಧಗಳು ಬಂದವು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್, ಅರವತ್ತರ ದಶಕದಲ್ಲಿ ರಿಫಾಂಪಿಸಿನ್. ಕತ್ತಿಯಿಲ್ಲದೆ ಮಾತ್ರೆಯಿಂದಲೇ ಮೂತ್ರಜನಕಾಂಗ ಉಳಿಯುವ ಕಾಲ ಬಂತು. ಆದರೆ ಒಂದು ಷರತ್ತಿನ ಮೇಲೆ. ರೋಗ ಬೇಗ ತಿಳಿಯಬೇಕು. ತಡವಾದರೆ ರೋಗಾಣು ಸತ್ತರೂ ಅದು ಮಾಡಿದ ಗಾಯ ಮಾಯುವಾಗ ನಾಳ ಕಿರಿದಾಗಿ, ಮೂತ್ರ ಹಿಂದಕ್ಕೆ ಒತ್ತಿ, ಅಂಗ ಸದ್ದಿಲ್ಲದೆ ಸಾಯುತ್ತದೆ. ಗರ್ಭನಾಳವೂ ಹಾಗೆಯೇ. ರೋಗ ವಾಸಿಯಾದರೂ ಮುಚ್ಚಿದ ನಾಳ ತೆರೆಯುವುದಿಲ್ಲ. ಮಕ್ಕಳಾಗಲಿಲ್ಲವೆಂದು ಮಾತು ಕೇಳಿಸಿಕೊಂಡ ಎಷ್ಟು ಹೆಂಗಸರ ಹಿಂದೆ ಈ ರೋಗವಿತ್ತೋ ಯಾರು ಎಣಿಸಿದ್ದಾರೆ?

ನಮ್ಮ ನಾಡಿಗೆ ಕ್ಷಯದ ಚರಿತ್ರೆಯಲ್ಲಿ ದೊಡ್ಡ ಪಾತ್ರವಿದೆ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇಟ್ಟಿರುವುದು ಆ ರೋಗದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ನೆಹರೂ ಅವರು ಉದ್ಘಾಟಿಸಿದರು. ಕೆಮ್ಮಿನಿಂದ ನರಳುವವರು ತಾವಾಗಿಯೇ ಆಸ್ಪತ್ರೆಗೆ ಬರುತ್ತಿದ್ದಾರೆ, ಅವರ ಕಫವನ್ನು ಅಲ್ಲೇ ಪರೀಕ್ಷಿಸಿದರೆ ಬಹಳಷ್ಟು ರೋಗ ಸಿಗುತ್ತದೆ ಎಂದು ಅಲ್ಲಿಯ ತಜ್ಞರು ಹಳ್ಳಿ ಹಳ್ಳಿ ಸುತ್ತಿ ಕಂಡುಕೊಂಡರು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ನಿಂತದ್ದು ಈ ಅನುಭವದ ಮೇಲೆ. ಹರಡುವ ರೋಗ ಎದೆಯದು. ಮೊದಲು ಅದನ್ನು ತಡೆಯಬೇಕಾದ್ದು ನ್ಯಾಯವೇ. ಆದರೆ ‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮೇ?’ ಎಂದು ಗೋಡೆಗೋಡೆಯ ಮೇಲೆ ಓದಿದ ನಮಗೆ, ಕೆಮ್ಮಿಲ್ಲದ ಕ್ಷಯವೂ ಇದೆ ಎಂಬುದು ಮರೆತೇ ಹೋಯಿತು.

ನನ್ನ ಅತ್ತಿಗೆಯವರಿಗೆ, ನಮ್ಮ ದೊಡ್ಡಣ್ಣನ ಹೆಂಡತಿಗೆ, ಆದದ್ದು ಇದೇ. 2018ರಿಂದ ಒಂದೂವರೆ ವರ್ಷ ಅವರಿಗೆ ಉರಿಮೂತ್ರ. ರಾತ್ರಿ ಏಳೆಂಟು ಸಲ ಏಳಬೇಕು. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟರು. ಬಸ್ಸಿನಲ್ಲಿ ಎರಡು ಗಂಟೆ ಕೂರುವುದು ಹೇಗೆ? ಬಾರ್ಲಿ ನೀರು, ಜೀರಿಗೆ ಕಷಾಯ ಎಲ್ಲ ಆಯಿತು. ಊರಿನ ಕ್ಲಿನಿಕ್ಕಿನಲ್ಲಿ ಪ್ರತಿ ಸಲವೂ ಐದು ದಿನದ ಮಾತ್ರೆ ಕೊಟ್ಟರು. ವಾರ ಹಗುರ, ಮತ್ತೆ ಅದೇ ಉರಿ. ಕೊನೆಗೆ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಳೆಯ ನಾಲ್ಕು ರಿಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು.

“ಅಮ್ಮಾ, ನಾಲ್ಕರಲ್ಲೂ ಕೀವು ಇದೆ. ಆದರೆ ನಾಲ್ಕು ಸಲವೂ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ನಿಮ್ಮ ತವರಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತಾ?”

“ನಮ್ಮಪ್ಪಂಗೆ ಆಗಿತ್ತು ಡಾಕ್ಟ್ರಮ್ಮಾ, ನಾನಾಗ ಸಣ್ಣೋಳು. ಆದ್ರೆ ನಂಗೆ ಕೆಮ್ಮೇ ಇಲ್ವಲ್ಲ!”

ಮಾಮೂಲಿ ಕಲ್ಚರ್ ಎರಡು ದಿನ ಇಟ್ಟು ನೋಡುವಂಥದ್ದು. ಅದರಲ್ಲಿ ಕ್ಷಯಾಣು ಬೆಳೆಯುವುದಿಲ್ಲ. ಕೀವು ಇದೆ, ರೋಗಾಣು ಇಲ್ಲ ಎಂಬ ರಿಪೋರ್ಟನ್ನು ‘ಇನ್‌ಫೆಕ್ಷನ್ ಇಲ್ಲ’ ಎಂದು ಓದಬಾರದು. ‘ಬೇರೆ ಏನನ್ನೋ ಹುಡುಕಿ’ ಎಂದು ಓದಬೇಕು. ಡಾಕ್ಟರಮ್ಮ ಹುಡುಕಿದರು. ಮೊದಲು ಸಿಬಿನಾಟ್ ಯಂತ್ರದಲ್ಲಿ ಮೂತ್ರ ಪರೀಕ್ಷೆ ಮಾಡಿಸಿದರು. ಎರಡೇ ಗಂಟೆ ಸಾಕು. ಇಲ್ಲ ಎಂದು ಬಂತು. ಮನೆಯವರಿಗೆಲ್ಲ ಸಮಾಧಾನ. ಅವರು ಮಾತ್ರ ಒಪ್ಪದೆ ಮೂರು ಬೆಳಗಿನ ಮೂತ್ರವನ್ನು ಕ್ಷಯದ ಕಲ್ಚರ್‌ಗೆ ಕಳಿಸಿದರು, ಸ್ಕ್ಯಾನ್ ಮಾಡಿಸಿದರು. ಆರನೆಯ ವಾರ ರೋಗಾಣು ಬೆಳೆದಿದೆ ಎಂದು ಬಂತು. ಒಂದು ಮೂತ್ರಜನಕಾಂಗ ಅಷ್ಟರಲ್ಲೇ ಕುಗ್ಗಿ ಹೋಗಿತ್ತು, ಇನ್ನೊಂದು ಉಳಿದಿತ್ತು. ಆರು ತಿಂಗಳು ಸರ್ಕಾರದ ಮಾತ್ರೆ ನುಂಗಿ ಅತ್ತಿಗೆ ಗುಣವಾದರು. ಈಗ ಒಂದರ ಮೇಲೇ ಬದುಕು.

ಎರಡು ಗಂಟೆಯ ಯಂತ್ರ ‘ಇಲ್ಲ’ ಎಂದದ್ದೇಕೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಹೆದರಬೇಡಿ, ಏಳನೆಯ ತರಗತಿಯ ಶೇಕಡಾ ಲೆಕ್ಕವೇ.

ಯಾವುದೇ ಪರೀಕ್ಷೆಗೆ ಎರಡು ಗುಣಗಳಿರಬೇಕು. ರೋಗ ಇದ್ದವರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ ಎಂಬುದು ಒಂದು. ರೋಗ ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂಬುದು ಇನ್ನೊಂದು. ಸಿಬಿನಾಟ್ ರೋಗಾಣುವಿನ ವಂಶವಾಹಿ ತುಣುಕನ್ನು ಹುಡುಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಾಗ ಎಲ್ಲರ ಗಮನವೂ ಕಫದ ಮೇಲಿತ್ತು. ಮೂತ್ರದ ಮೇಲೆ ಮಾಡಿದ ಅಧ್ಯಯನಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯವರು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ರೋಗ ಇದ್ದ 100 ಜನರಲ್ಲಿ ಸುಮಾರು 83 ಜನರನ್ನು ಅದು ಹಿಡಿಯಿತು. ಇಲ್ಲದ 100 ಜನರಲ್ಲಿ ಸುಮಾರು 99 ಜನರನ್ನು ಸರಿಯಾಗಿ ಬಿಟ್ಟಿತು. ಕೆಂಪು ಕಡ್ಡಿಯ ಕಾಲಕ್ಕೆ ಹೋಲಿಸಿದರೆ ಬಹಳ ದೊಡ್ಡ ಹೆಜ್ಜೆ. ನೆಂಟನನ್ನು ಕಳ್ಳನೆಂದು ಹಿಡಿಯುವ ತಪ್ಪು ಬಹುಮಟ್ಟಿಗೆ ಹೋಯಿತು. ಆದರೂ 100ಕ್ಕೆ 17 ಜನ ಕೈಬಿಟ್ಟು ಹೋಗುತ್ತಾರೆ. ನಮ್ಮ ಅತ್ತಿಗೆ ಆ 17ರಲ್ಲಿ ಒಬ್ಬರು.

ಇನ್ನೊಂದು ಪರೀಕ್ಷೆ ನೋಡಿ. ಕ್ಷಯಾಣುವಿನ ಮೈಹೊದಿಕೆಯ ಒಂದು ಅಂಶ, ಲ್ಯಾಮ್ ಎಂದು ಚಿಕ್ಕದಾಗಿ ಕರೆಯುತ್ತಾರೆ, ಮೂತ್ರದಲ್ಲಿ ಹೊರಬರುತ್ತದೆ. ಬಸಿರಿನ ಪರೀಕ್ಷೆಗೆ ಮನೆಯಲ್ಲೇ ಬಳಸುವ ಪಟ್ಟಿ ಇದೆಯಲ್ಲ, ಅಂಥದ್ದೇ ಪಟ್ಟಿಯ ಮೇಲೆ ಒಂದೆರಡು ಹನಿ ಮೂತ್ರ ಹಾಕಿದರೆ 25 ನಿಮಿಷದಲ್ಲಿ ಗೆರೆ ಮೂಡುತ್ತದೆ. ಯಂತ್ರ ಬೇಡ, ಕರೆಂಟ್ ಬೇಡ. ಮೂತ್ರದಲ್ಲಿ ರೋಗಾಣುವಿನ ಅಂಶ ಹುಡುಕುವ ವಿಲ್ಡ್‌ಬೋಲ್ಜ್‌ರ ಕನಸು ಸುಮಾರು ನೂರು ವರ್ಷಗಳ ಮೇಲೆ ನನಸಾದಂತೆ. ಆದರೆ ಇದನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು ಎಚ್.ಐ.ವಿ. ಇದ್ದು, ದೇಹದ ಬಲ ತೀರಾ ಕುಗ್ಗಿದವರಿಗೆ; 2019ರಲ್ಲಿ ಸ್ವಲ್ಪ ವಿಸ್ತರಿಸಿದ್ದೂ ಎಚ್.ಐ.ವಿ. ಇರುವವರ ಮಟ್ಟಿಗೇ. ಅಂಥವರಲ್ಲಿ ಕ್ಷಯ ರಕ್ತದಲ್ಲಿ ಮೈಯೆಲ್ಲ ಹರಡಿ ಮೂತ್ರಜನಕಾಂಗಕ್ಕೂ ಇಳಿದಿರುತ್ತದೆ, ಅದರಿಂದ ಮೂತ್ರದಲ್ಲಿ ಅಂಶ ಹೆಚ್ಚು. ಕ್ಷಯದ ಲಕ್ಷಣವಿದ್ದ ಎಚ್.ಐ.ವಿ. ರೋಗಿಗಳಲ್ಲೂ ಅದು ಹಿಡಿದದ್ದು 100ಕ್ಕೆ ಸುಮಾರು 42; ಸರಿಯಾಗಿ ಬಿಟ್ಟದ್ದು 91.

ಈಗ ಇದೇ ಪಟ್ಟಿಯನ್ನು ಎರಡು ಕಡೆ ಇಟ್ಟು ಲೆಕ್ಕ ಹಾಕೋಣ. ಒಂದು ದೊಡ್ಡಾಸ್ಪತ್ರೆಯ ಎಚ್.ಐ.ವಿ. ವಾರ್ಡು ಎಂದುಕೊಳ್ಳಿ. 1000 ರೋಗಿಗಳಲ್ಲಿ 300 ಜನರಿಗೆ ಕ್ಷಯವಿದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಪಟ್ಟಿ 126 ಜನರನ್ನು ಸರಿಯಾಗಿ ಹಿಡಿಯುತ್ತದೆ, 63 ಜನರಿಗೆ ಸುಮ್ಮನೆ ‘ಇದೆ’ ಎನ್ನುತ್ತದೆ. ಗೆರೆ ಮೂಡಿದ ಮೂವರಲ್ಲಿ ಇಬ್ಬರಿಗೆ ರೋಗ ನಿಜ. ಸಾವು ಹತ್ತಿರದಲ್ಲಿರುವ ಕಡೆ ಇದು ದೊಡ್ಡ ಸಹಾಯ. ಆಫ್ರಿಕಾದ ನಾಲ್ಕು ದೇಶಗಳಲ್ಲಿ 2500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿ ಬಳಸಿದ ಕಡೆ ಎಂಟು ವಾರದೊಳಗೆ ಸತ್ತವರು ಶೇಕಡಾ 21, ಬಳಸದ ಕಡೆ ಶೇಕಡಾ 25.

ಇನ್ನು ನಮ್ಮ ಊರಿನಂಥ ತಾಲ್ಲೂಕು ಕೇಂದ್ರದಲ್ಲಿ ಉರಿಮೂತ್ರವೆಂದು ಬಂದ 1000 ಹೆಂಗಸರು ಎಂದುಕೊಳ್ಳಿ. ಅವರಲ್ಲಿ 10 ಜನರಿಗೆ ಕ್ಷಯವಿದೆ ಎಂದಿಟ್ಟುಕೊಳ್ಳೋಣ. ಅದೇ ಪಟ್ಟಿ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು ಎಂದರೂ 4 ಜನರನ್ನು ಹಿಡಿದು 6 ಜನರನ್ನು ಬಿಡುತ್ತದೆ. ರೋಗವೇ ಇಲ್ಲದ 89 ಜನರನ್ನು ಹೆದರಿಸುತ್ತದೆ. ನಿಜದಲ್ಲಿ ಎಚ್.ಐ.ವಿ. ಇಲ್ಲದವರಲ್ಲಿ ಅದು ಹಿಡಿಯುವುದು ಇನ್ನೂ ಕಡಿಮೆ. ಸಿಬಿನಾಟ್ ಆದರೆ 8 ಜನರನ್ನು ಹಿಡಿದು 2 ಜನರನ್ನು ಬಿಡುತ್ತದೆ, 13 ಜನರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಪಟ್ಟಿಯೂ ಬದಲಾಗಿಲ್ಲ, ರೋಗಾಣುವೂ ಬದಲಾಗಿಲ್ಲ. ಯಾರ ಮೂತ್ರ ಎಂಬುದು ಬದಲಾಯಿತು. ಪರೀಕ್ಷೆಯ ನಂಬಿಕೆ ಪರೀಕ್ಷೆಯೊಳಗೆ ಮಾತ್ರ ಇರುವುದಿಲ್ಲ; ಯಾರಲ್ಲಿ, ಯಾಕೆ ಮಾಡಿಸುತ್ತಿದ್ದೇವೆ ಎಂಬುದರಲ್ಲೂ ಇದೆ. ಸುಮ್ಮನೆ ಎಲ್ಲರಿಗೂ ಮಾಡಿಸಿದರೆ ಸುಳ್ಳು ಹೆಚ್ಚುತ್ತದೆ. ನಾಲ್ಕು ರಿಪೋರ್ಟು ಸಾಲಾಗಿ ಇಟ್ಟು ನೋಡಿ, ತವರಿನ ಕಥೆ ಕೇಳಿ, ಆಮೇಲೆ ಮಾಡಿಸಿದರೆ ಅದೇ ಪರೀಕ್ಷೆ ಹೆಚ್ಚು ನಿಜ ಹೇಳುತ್ತದೆ.

ಶೀಘ್ರ ಪರೀಕ್ಷೆಯ ಆಸೆ ನಮ್ಮನ್ನು ಎಲ್ಲಿಗೆ ಕೊಂಡೊಯ್ಯಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಒಂದು ಹನಿ ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುವ ಪರೀಕ್ಷೆಗಳು ಖಾಸಗಿ ಲ್ಯಾಬುಗಳಲ್ಲಿ ಬಹಳ ಕಾಲ ನಡೆದವು. ಅವು ಇಲ್ಲದವರಿಗೆ ಇದೆ ಎನ್ನುತ್ತಿದ್ದವು, ಇದ್ದವರಿಗೆ ಇಲ್ಲ ಎನ್ನುತ್ತಿದ್ದವು. ಬಳಸಬೇಡಿ ಎಂದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, 2012ರಲ್ಲಿ ಭಾರತ ಸರ್ಕಾರ ಅವನ್ನು ನಿಷೇಧಿಸಿತು. ಅದುವರೆಗೆ ಎಷ್ಟು ಮನೆಗಳಲ್ಲಿ ದುಡ್ಡು, ನೆಮ್ಮದಿ, ಆರೋಗ್ಯ ಹೋಗಿತ್ತೋ!

ಇಷ್ಟೆಲ್ಲ ಓದಿದ ಮೇಲೆ ನನ್ನ ಓರಗೆಯ ಹೆಂಗಸರಿಗೆ ನಾಲ್ಕು ಮಾತು ಹೇಳಬೇಕೆನ್ನಿಸುತ್ತದೆ. ಉರಿಮೂತ್ರವೆಲ್ಲ ಕ್ಷಯವಲ್ಲ, ನೂರರಲ್ಲಿ ಬಹುಪಾಲು ಸಾಮಾನ್ಯ ಸೋಂಕೇ. ಆದರೆ ಮಾತ್ರೆ ನುಂಗಿದರೂ ಮತ್ತೆ ಮತ್ತೆ ಬಂದರೆ, ರಿಪೋರ್ಟಿನಲ್ಲಿ ಕೀವು ಇದ್ದು ಕಲ್ಚರ್‌ನಲ್ಲಿ ಏನೂ ಇಲ್ಲವೆಂದು ಎರಡು ಸಲ ಬಂದರೆ, ‘ಇದು ಟಿ.ಬಿ. ಇರಬಹುದೇ?’ ಎಂದು ನೀವೇ ಕೇಳಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯ ಆಗಿದ್ದರೆ ಮರೆಯದೆ ಹೇಳಿ. ಅದರಲ್ಲಿ ಅವಮಾನವೇನೂ ಇಲ್ಲ. ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ. ಔಷಧದಂಗಡಿಯಲ್ಲಿ ನೀವಾಗಿಯೇ ಮಾತ್ರೆ ಕೊಳ್ಳಬೇಡಿ. ಉರಿಮೂತ್ರಕ್ಕೆ ಕೊಡುವ ಆಫ್ಲಾಕ್ಸಸಿನ್, ಲೀವೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳು ಕ್ಷಯಾಣುವನ್ನು ಅರ್ಧ ಅದುಮಿ, ಆಮೇಲೆ ಮಾಡುವ ಪರೀಕ್ಷೆಯಲ್ಲಿ ಅದು ಕಾಣದಂತೆ ಮಾಡಬಲ್ಲವು. ಮೂರು ಬೆಳಗಿನ ಮೂತ್ರ ಎಂದರೆ ಮೂರೂ ಕೊಡಿ, ಶುಚಿಯಾಗಿ ತೊಳೆದುಕೊಂಡು, ಲ್ಯಾಬಿನವರು ಕೊಟ್ಟ ಸೀಸೆಯಲ್ಲೇ ಹಿಡಿದು, ಆ ದಿನವೇ ತಲುಪಿಸಿ. ಸರ್ಕಾರದ ಕ್ಷಯ ಕೇಂದ್ರಗಳಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ.

ಇನ್ನೊಂದು ಮಾತು ಮುಖ್ಯ. ಮೂತ್ರದ ಪರೀಕ್ಷೆ ಗರ್ಭನಾಳದ ಸುದ್ದಿ ಹೇಳುವುದಿಲ್ಲ. ಎರಡಕ್ಕೂ ಒಟ್ಟಾಗಿ ಒಂದೇ ಹೆಸರಿದ್ದರೂ ಅವು ಅಕ್ಕಪಕ್ಕದ ಮನೆಗಳು, ಬಾಗಿಲು ಬೇರೆ ಬೇರೆ. ಗರ್ಭಕೋಶದ ಕ್ಷಯದ ಅನುಮಾನವಿದ್ದರೆ ಅದರ ಒಳಪದರದ ತುಣುಕನ್ನು ತೆಗೆದು ನೋಡಬೇಕು. ಹಿಂದೊಮ್ಮೆ ಮುಟ್ಟಿನ ರಕ್ತವನ್ನೂ ಕಲ್ಚರ್‌ಗೆ ಕಳಿಸುತ್ತಿದ್ದರು. ಆದ್ದರಿಂದ ಮಕ್ಕಳಾಗದ ಸೊಸೆಯ ಮೂತ್ರದಲ್ಲಿ ಏನೂ ಇಲ್ಲ ಎಂದು ಬಂದರೆ ವಿಷಯ ಮುಗಿಯಿತು ಎಂದುಕೊಳ್ಳಬಾರದು. ಹಾಗೆಯೇ ಯಾವುದೋ ಒಂದು ಶೀಘ್ರ ಪರೀಕ್ಷೆ ‘ಇದೆ’ ಎಂದಿತೆಂದು ಆರು ತಿಂಗಳ ಮಾತ್ರೆಗೆ ಧಾವಿಸಲೂಬಾರದು. ಬೇರೆ ಸಾಕ್ಷಿ ಏನಿದೆ ಎಂದು ವೈದ್ಯರನ್ನು ಕೇಳಬೇಕು.

ನಮ್ಮ ಶಾಲೆಯ ಹೆಣ್ಣುಮಕ್ಕಳು ಎಂಟನೆಯ ತರಗತಿಗೆ ಬರುವಷ್ಟರಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾರೆ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು. ‘ಮಿಸ್, ಹೊಟ್ಟೆ ನೋವು’ ಎನ್ನುತ್ತಾರೆಯೇ ಹೊರತು ಎಲ್ಲಿ, ಯಾವಾಗ ಎಂದು ಹೇಳುವುದಿಲ್ಲ. ತಡೆದುಕೊಳ್ಳುವುದನ್ನೂ ಮುಚ್ಚಿಡುವುದನ್ನೂ ನಾವು ಅವರಿಗೆ ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದೇವೆ. ಕಾಕ್ ರೋಗಾಣುವನ್ನು ತೋರಿಸಿ 140 ವರ್ಷ ದಾಟಿತು. ಎಂಟು ವಾರದ ಪರೀಕ್ಷೆಯ ಜೊತೆಗೆ ಎರಡು ಗಂಟೆಯದು ಬಂದಿದೆ, 25 ನಿಮಿಷದ್ದೂ ಬಂದಿದೆ. ಆದರೆ ನಮ್ಮ ಅತ್ತಿಗೆಯ ಒಂದು ಮೂತ್ರಜನಕಾಂಗ ಹಾಳಾದದ್ದು ಕಲ್ಚರ್‌ಗೆ ಕಾದ ಆ ಆರು ವಾರಗಳಲ್ಲಿ ಅಲ್ಲ. ಅದಕ್ಕೂ ಮೊದಲಿನ ಒಂದೂವರೆ ವರ್ಷದಲ್ಲಿ. ಆ ಒಂದೂವರೆ ವರ್ಷವನ್ನು ಕಡಿಮೆ ಮಾಡುವ ಪಟ್ಟಿಯನ್ನು ಯಾವ ದೇಶದ ವಿಜ್ಞಾನಿಯೂ ಮಾಡಿಕೊಡಲಾರ. ಅದು ಮನೆಯಲ್ಲಿ ತಾಯಿ ಮಗಳಿಗೆ, ಶಾಲೆಯಲ್ಲಿ ಟೀಚರು ಹುಡುಗಿಗೆ, ‘ಉರಿ ಇದೆಯೇನಮ್ಮ?’ ಎಂದು ಮಾಮೂಲಿ ಮಾತಿನ ಹಾಗೆ ಕೇಳುವುದರಿಂದ ಆಗಬೇಕಾದ ಕೆಲಸ. ಈಗ ನಾನು ಕೇಳುತ್ತೇನೆ. ಮೊದಮೊದಲು ಹುಡುಗಿಯರು ತಲೆ ತಗ್ಗಿಸಿ ನಗುತ್ತಿದ್ದರು. ಈಗ ಕೆಲವರು ಉತ್ತರ ಕೊಡುತ್ತಾರೆ.